ಒಂದು ಫೀಸಿಗೆ ಒಂದು ಗೇಣಿ ಚೀಟಿ

ಭಾನುವಾರ ಕೋಣಂದೂರಿನ ಶಾಲೆಯ ಜಗಲಿಯಲ್ಲಿ ಗೇಣಿದಾರರ ಸಭೆ ಎಂದು ಡಂಗುರ ಹೊಡೆಸಿದವನು ಜಯಪ್ಪನೇ. ಮೈಸೂರಿನಲ್ಲಿ ಲಾ ಓದುತ್ತಿದ್ದವನು ರಜೆಗೆ ಬಂದದ್ದೇ ಹಳ್ಳಿ ಹಳ್ಳಿ ತಿರುಗಿದ್ದ. ಹೊಸ ಕಾಯ್ದೆ ಬಂದಿದೆ, ಅರ್ಜಿ ಹಾಕಿದರೆ ಒಡೆಯ ನಿಮ್ಮನ್ನು ಒಕ್ಕಲೆಬ್ಬಿಸುವಂತಿಲ್ಲ, ಆದರೆ ಗೇಣಿ ಅಳೆದದ್ದಕ್ಕೆ ಚೀಟಿ ಬೇಕು, ಅದನ್ನು ಜೀವದ ಹಾಗೆ ಕಾಪಾಡಿ ಎಂದು ಗಂಟಲು ಹರಿದುಕೊಂಡಿದ್ದ. ಹುಂಚದ ಸಭೆಯಲ್ಲಂತೂ ಆವೇಶ ಏರಿ, ನಮ್ಮ ಅಪ್ಪಂದಿರು ಒಡೆಯರ ಅಂಗಳದಲ್ಲಿ ಬಗ್ಗಿ ಬಗ್ಗಿ ಬೆನ್ನುಮೂಳೆಯನ್ನೇ ಮರೆತವರು ಎಂದುಬಿಟ್ಟ. ಜನ ಚಪ್ಪಾಳೆ ತಟ್ಟಿದರು. ಅವರ ನಡುವೆ ಕೂತಿದ್ದ ಅವನ ಅಪ್ಪ ಸುಬ್ಬಪ್ಪನೂ ತಟ್ಟಿದ.

ಸಭೆಯ ದಿನ ಬೆಳಗ್ಗೆ, ಮೊದಲ ಅರ್ಜಿ ನಮ್ಮದೇ ಆಗಲಿ ಎಂದು ಜಯಪ್ಪ ಹಾಳೆ ಹಿಡಿದು ಕೂತ. ಕಾಗೋಡಿನ ಗೇಣಿದಾರರ ಗಲಾಟೆಗೆ ಬೆದರಿ ಒಡೆಯ ಮುಕುಂದಯ್ಯ ಒಂಬತ್ತು ವರ್ಷ ಚೀಟಿ ಕೊಟ್ಟಿದ್ದು ಅವನಿಗೆ ಗೊತ್ತಿತ್ತು. ಅವು ಅಟ್ಟದ ಮೇಲೆ ಬಿದಿರಿನ ಕೊಳವೆಯಲ್ಲಿ ಇರುತ್ತಿದ್ದವು. ಕೊಳವೆ ಇಳಿಸಿ ಕೊಡವಿದರೆ ಮಸಿ ಉದುರಿತು, ಅಷ್ಟೆ.

ಕೊಟ್ಟಿಗೆಗೆ ಹೋಗಿ ಅಪ್ಪನನ್ನು ಕೇಳಿದ. ಸುಬ್ಬಪ್ಪ ಎತ್ತಿನ ಮೈ ತಿಕ್ಕುವುದನ್ನು ನಿಲ್ಲಿಸಲಿಲ್ಲ.

"ಅವೆಲ್ಲ ಒಡೇರ ಮನೆ ಸೇರಿದಾವೆ, ಮಗಾ."

ಆಮೇಲೆ ಒಂದೊಂದಾಗಿ ಹೊರಬಿತ್ತು. ಮಗ ಕಾಲೇಜು ಸೇರಿದ ವರ್ಷ ಫೀಸು ಕೇಳಲು ಹೋದಾಗ ಮುಕುಂದಯ್ಯ ಇಲ್ಲವೆನ್ನಲಿಲ್ಲ. ಇದು ಸಾಲವಲ್ಲ, ಬಡ್ಡಿಯೂ ಬೇಡ, ಓದುವ ಹುಡುಗ, ಒಂದು ಹಳೇ ಚೀಟಿ ತಂದುಕೊಡು ಸಾಕು ಎಂದ. ಫೀಸಿಗೆ ಒಂದು, ಹಾಸ್ಟೆಲಿಗೆ ಒಂದು. ಹೊಸ ಚೀಟಿ ಕೇಳುವ ಮುಖ ಸುಬ್ಬಪ್ಪನಿಗೆ ಉಳಿಯಲಿಲ್ಲ. ಹೋದ ವರ್ಷ ಕೊಡಲು ಚೀಟಿಯೇ ಇರಲಿಲ್ಲ. ತಾನು ಗೇಣಿದಾರನಲ್ಲ, ಕೂಲಿಯಾಳು ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬಂದಿದ್ದ.

ಜಯಪ್ಪನಿಗೆ ಮೊದಲು ಬಂದದ್ದು ಸಿಟ್ಟು. ಇಪ್ಪತ್ತಮೂರು ವರ್ಷದ ಗಂಡಸು ನಾನು, ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿಯಾದರೂ ಓದುತ್ತಿದ್ದೆ, ಬೆಳೆದ ಮಗನ ಫೀಸು ಕಟ್ಟು ಅಂತ ನಿನಗೆ ಯಾರು ಹೇಳಿದರು ಎಂದು ಕೂಗಾಡಿದ.

ಬಾಗಿಲಲ್ಲಿ ನಿಂತಿದ್ದ ಅವ್ವ ಕೆರಿಯಮ್ಮ ದನಿ ಏರಿಸಲಿಲ್ಲ.

"ನೀನೇ ಹೇಳಿದ್ದು ಮಾರಾಯ. ಶುಕ್ರವಾರದೊಳಗೆ ದುಡ್ಡು ಬರ್ದಿದ್ರೆ ಹೆಸರು ಹೊಡ್ದು ಹಾಕ್ತಾರೆ ಅಂತ ಕಾಗ್ದ ಹಾಕ್ತಿದ್ದೆ. ಎಲ್ಲಿಂದ ತರ್ತೀರಿ ಅಂತ ಒಂದ್ಸಲ ಕೇಳಿದ್ಯಾ?"

ಕೇಳಿರಲಿಲ್ಲ. ಮನಿಯಾರ್ಡರಿಗೆ ಸಹಿ ಹಾಕಿ, ಅದೇ ಸಂಜೆ ಗೆಳೆಯರ ಓದುಕೂಟಕ್ಕೆ ಹೋಗಿ, ಒಡೆಯರು ಒಕ್ಕಲಿನ ನೆತ್ತರು ಹೀರುವ ಬಗೆ ವಿವರಿಸುತ್ತಿದ್ದ. ಎಲ್ಲರ ಚಹಾದ ದುಡ್ಡೂ ತಾನೇ ಕೊಟ್ಟ ಒಂದು ದಿನವೂ ನೆನಪಾಯಿತು.

ಶಾಲೆಯ ಜಗಲಿ ತುಂಬಿತ್ತು. ಮಗ್ಗುಲ ಮನೆಯ ಸೀತಾರಾಮಪ್ಪ, ಮೊದಲು ನಿಮ್ಮಪ್ಪಂದು ಬರಿ, ಬೋಣಿ ಚೆನ್ನಾಗಾಗ್ತದೆ ಎಂದು ನಕ್ಕ. ನಮ್ಮದು ನಿನ್ನೆಯೇ ಆಯ್ತು ಎಂದ ಜಯಪ್ಪ. ಕಂಬಕ್ಕೆ ಒರಗಿದ್ದ ಸುಬ್ಬಪ್ಪ ಹೌದೆಂದು ತಲೆಯಾಡಿಸಿದ. ಅಪ್ಪನಿಗೆ ತನ್ನ ಸುಳ್ಳನ್ನೂ ಹೊರಿಸಿದಂತಾಯಿತು.

ಏಳೆಂಟು ಅರ್ಜಿಗಳಾದ ಮೇಲೆ ಯಮುನಮ್ಮನ ಸರದಿ ಬಂತು. ಗಂಡ ಸತ್ತ ಮೇಲೂ ಮುಕುಂದಯ್ಯನ ಗದ್ದೆಯನ್ನೇ ಮಾಡುತ್ತಿದ್ದ ಹೆಂಗಸು. ಅವಳು ಸೆರಗಿನ ಗಂಟು ಬಿಚ್ಚಿ ಚೀಟಿ ಹೊರತೆಗೆದಳು, ಆದರೆ ಮುಂದೆ ಚಾಚಲಿಲ್ಲ.

"ನನ್ ಮಗಂಗೆ ಸಾಗರದ ಕಾಲೇಜಲ್ಲಿ ಸೀಟು ಸಿಕ್ಕೈತೆ. ಒಡೇರು ಫೀಸು ಕೊಡ್ತೀನಿ, ಒಂದು ಚೀಟಿ ತಾ ಅಂದಾರೆ. ಕೊಡ್ಲಾ?"

ಸುಬ್ಬಪ್ಪ ದೂರದಿಂದಲೇ ಬೇಡ, ಹೇಳಬೇಡ ಎಂದು ಮಗನತ್ತ ಕೈಯಾಡಿಸಿದ. ಜಯಪ್ಪ ಎದ್ದು ನಿಂತ. ಚೀಟಿಗಳ ಕತೆ, ಹೆಬ್ಬೆಟ್ಟಿನ ಕತೆ, ಈಗ ತಾನೇ ಆಡಿದ ಸುಳ್ಳು, ಎಲ್ಲ ಹೇಳಿದ. ಹೇಳಿ ಮುಗಿಯುವಷ್ಟರಲ್ಲಿ ಅವನ ಅಪ್ಪ ಮುಂಡಾಸು ಬಿಚ್ಚಿ ಮುಖಕ್ಕೆ ಹಿಡಿದುಕೊಂಡಿದ್ದ.

ಯಮುನಮ್ಮ ಚೀಟಿಯನ್ನು ಮತ್ತೆ ಮಡಚಿದಳು.

"ಹಂಗಾರೆ ನನ್ ಮಗ ಓದೋದು ಬ್ಯಾಡ ಅಂತೀರಾ?"

ಜಯಪ್ಪ ಕೂತು, ತಲೆಯೆತ್ತದೆ, ಅರ್ಜಿಗೆಂದು ಅವಳ ಗಂಡನ ಹೆಸರು ಕೇಳಿದ.