ತುಪ್ಪ ಬಿಟ್ಟ ಮೂರು ತಿಂಗಳು

ಕಬ್ಬಿನ ಗಾಡಿ ಹೋಗುತ್ತಿರಬೇಕು, ಕಿಟಕಿಯಾಚೆ ಎತ್ತಿನ ಕೊರಳಗಂಟೆ, ಹಿಂದೆಯೇ ಆ ಸಿಹಿ ವಾಸನೆ — ಬೇಡ, ತಾರಾಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು, ಚಿಕ್ಕೋಡಿಯ ಈ ದವಾಖಾನೆಯಲ್ಲೂ ಕಬ್ಬು ಬೆನ್ನು ಬಿಡದು, ಮಂಚದ ಮೇಲೆ ಗಂಡ ಭೂಪಾಲ ಹೊಟ್ಟೆ ಹಿಡಿದು ಮುದುಡಿದ್ದಾನೆ, ಕೈಗೆ ಸಲಾಯಿನ್, ಎರಡು ದಿನದಿಂದ ಬಾಯಿಗೆ ಹನಿ ನೀರಿಲ್ಲ, ಡಾಕ್ಟರು ಈಗಷ್ಟೇ ಬೆಳಕಿಗೆ ಹಿಡಿದು ತೋರಿಸಿದ ಆ ಗಾಜಿನ ನಳಿಗೆ, ಕೆಳಗೆ ರಕ್ತ, ಮೇಲೆ ಹಾಲಿನಂತೆ ಬೆಳ್ಳಗೆ, ಇದು ಕೊಬ್ಬು ನೋಡವ್ವಾ — ಎಲ್ಲಿಯ ಕೊಬ್ಬು, ತೊಂಬತ್ತೊಂದರ ದಸರೆ ಮುಗಿದ ವಾರ ಸದಲಗಾದ ಡಾಕ್ಟರು ರಕ್ತದಾಗ ಕೊಬ್ಬು ಹೆಚ್ಚಾಗೈತಿ, ತುಪ್ಪ ಎಣ್ಣಿ ಬಂದ್ ಮಾಡ್ರಿ ಎಂದರು, ಅಂದಿನಿಂದ ಈ ಮೂರು ತಿಂಗಳು ತುಪ್ಪದ ಗಡಿಗೆಯ ಬಾಯಿ ಬಿಚ್ಚಿಲ್ಲ, ಒಣ ರೊಟ್ಟಿ ನುಂಗಲಾರದೆ ಅವನು ತಾಟು ಸರಿಸುತ್ತಿದ್ದ, ತಾರಾ, ಹಸಿವು ಹಿಂಗವಲ್ದು, ಅವಳು ಅನ್ನಕ್ಕೆ ಬೆಲ್ಲ ಕಲಸಿದಳು, ಬಾಳೆಹಣ್ಣು ಹಿಸುಕಿದಳು, ಮಧ್ಯಾಹ್ನ ಚರಿಗೆ ತುಂಬ ಕಬ್ಬಿನ ಹಾಲು, ಕುಡೀರಿ, ನಮ್ಮ ಹೊಲದ್ದ ಐತಿ, ಇದರಾಗ ಎಣ್ಣಿ ಇಲ್ಲ ತುಪ್ಪ ಇಲ್ಲ, ಏನೂ ಆಗೂದಿಲ್ಲ — ಹಾಗೆಂದವಳು ಅವಳೇ, ಡಾಕ್ಟರು ಮಾತಾಡುತ್ತಲೇ ಇದ್ದಾರೆ, ಬೆಲ್ಲ ಅನ್ನ ಜಾಸ್ತಿ ಆತಂದ್ರ ಲಿವರ್ ಅದನ್ನ ಕೊಬ್ಬು ಮಾಡಿ ರಕ್ತಕ್ಕ ಬಿಡತೈತಿ, ಇವರ ಮೈಯಾಗ ಅದು ಲಗೂನ ಕರಗೂದಿಲ್ಲ, ಅದಕ್ಕ ಮೇದೋಜೀರಕ ಗ್ರಂಥಿ ಬಾತು ಈ ಹೊಟ್ಟಿನೋವು ಬಂದೈತಿ, ಇವರಪ್ಪಗೂ ಹಿಂಗ ಇತ್ತಂತ, ಹೇಳ್ರಿ, ಬೆಲ್ಲ ಯಾರ ಕೊಟ್ರು?

ತಾರಾಬಾಯಿ ತಲೆಯೆತ್ತಿದಳು, ಬಾಗಿಲಲ್ಲಿ ಅತ್ತೆ ಜಿನಮತಿ ನಿಂತಿದ್ದಾರೆ, ಅಷ್ಟರಲ್ಲಿ ಮಂಚದಿಂದ ನರಳುವ ದನಿ, ನಾನ ಕದ್ದ ತಿಂದೇನ್ರಿ, ಆಕೀಗೆ ಗೊತ್ತಿಲ್ಲ, ಜೀವದ ಮ್ಯಾಲ ಆಸೆ ಇಲ್ಲೇನ್ರಿ ನಿಮಗ ಎಂದು ಡಾಕ್ಟರು ಗದರಿದರು, ಭೂಪಾಲ ಕಣ್ಣು ಮುಚ್ಚಿ ಬೈಸಿಕೊಂಡ, ಸುಮ್ಮನಿದ್ದರೆ ಮುಗಿಯಿತು, ಸುಮ್ಮನಿರು ತಾರಾ — ಆದರೆ ನಾಳೆ ಮನೆಯಲ್ಲಿ ಬೆಲ್ಲಕ್ಕೆ ಮಾತ್ರ ಬೀಗ ಬೀಳುತ್ತದೆ, ಅತ್ತೆ ಪಾಪ ಹಸಿದಾನು ಎಂದು ರಾಶಿ ಅನ್ನ ಬಡಿಸುತ್ತಾರೆ, ಆ ಬಿಳಿ ಮತ್ತೆ ಏರುತ್ತದೆ, ಇಲ್ರಿ, ಅವರು ಕದ್ದಿಲ್ರಿ, ದನಿ ತನ್ನದೆನಿಸಲಿಲ್ಲ, ದಿನಾ ನಾನ ಕೊಟ್ಟೇನಿ, ಬೆಲ್ಲ, ಅನ್ನ, ಕಬ್ಬಿನ ಹಾಲು, ಎಲ್ಲಾ ನನ್ನ ಕೈಯಿಂದ, ಅತ್ತೆಯ ಕಡೆ ನೋಡಲಿಲ್ಲ, ಡಾಕ್ಟರು ಬೈಯಲಿಲ್ಲ, ಹೇಳಿದ್ದು ಚಲೋ ಆತು, ತುಪ್ಪಾನೂ ಬ್ಯಾಡ, ಬೆಲ್ಲಾನೂ ಬ್ಯಾಡ, ಅನ್ನ ಒಂದ ಹಿಡಿ, ಈ ನೋವು ದಾಟಿದ್ರ ಕೊಬ್ಬು ಇಳೀತೈತಿ — ದಾಟಿದ್ರ, ದಾಟಿದ್ರ ಅಂದರಲ್ಲ, ಭೂಪಾಲನ ಬಿಸಿ ಬೆರಳು ತಡಕಾಡಿ ಅವಳ ಮಣಿಕಟ್ಟು ಹಿಡಿಯಿತು, ಹುಚ್ಚಿ, ಯಾಕ ಹೇಳಿದಿ, ನರ್ಸು ಮತ್ತೆ ಸೂಜಿ ಚುಚ್ಚುತ್ತಾಳೆ, ತಾರಾಬಾಯಿ ಈ ಸಲ ಮುಖ ತಿರುಗಿಸಲಿಲ್ಲ, ಸಿರಿಂಜಿನೊಳಗೆ ರಕ್ತ ಏರುತ್ತಿದೆ, ಕೆಂಪು, ಕೆಂಪಿನೊಳಗೆ ಬಿಳಿ, ಇನ್ನೂ ಬಿಳಿ