ಬುದ್ಧಿಯವರ ಮೊದಲ ಬಾಂಡ್ಲಿ

ಸಮುದಾಯ ಭವನದ ಪೋರ್ಟಿಕೊ ಬಿದ್ದು ನನ್ನ ಗಂಡ ಚನ್ನೇಶ ಸತ್ತ. ಇದಕ್ಕಿಂತ ಹೆಚ್ಚಿಗೆ ಹೇಳುವುದು ನನಗೆ ಬೇಕಿರಲಿಲ್ಲ. ಮಾವನಿಗೆ ಬೇಕಿತ್ತು.

"ಒಂದೇ ಮಾತು ಹೇಳಮ್ಮ ಮೇಘಾ. ಅವನು ತಪ್ಪು ಮಾಡಿದ್ನಾ?"

ಕೇಳಿದ್ದು ಅರಸೀಕೆರೆಯ ಮನೆಯ ಹಜಾರದಲ್ಲಿ, ಬೆಳಗಿನ ಪೂಜೆ ಮುಗಿಸಿ ಬಂದು. ಹಣೆಯ ವಿಭೂತಿ ಇನ್ನೂ ಆರಿರಲಿಲ್ಲ. ಮಾವ ಗಂಗಾಧರಯ್ಯ ಕೊಬ್ಬರಿ ವ್ಯಾಪಾರದವರು. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಕೊಬ್ಬರಿ ಬಿಟ್ಟಿದೆಯೋ ಇಲ್ಲವೋ ಹೇಳಬಲ್ಲರು. ಕಾಂಕ್ರೀಟಿಗೂ ಅಂಥದ್ದೊಂದು ಪರೀಕ್ಷೆ ಇರಲೇಬೇಕು, ಸೊಸೆಗೆ ಅದು ಗೊತ್ತಿರಲೇಬೇಕು ಎಂದು ಅವರು ನಂಬಿದ್ದರು.

"ಆ ಮೋಹನ್‌ಕುಮಾರ ಊರೆಲ್ಲಾ ಸಾರ್ಕೊಂಡು ಬರ್ತಾವ್ನೆ. ಇಂಜಿನಿಯರ್ರೇ ಅವಸರ ಮಾಡಿ ಸೆಂಟ್ರಿಂಗ್ ಆಸರೆ ಬಿಚ್ಚಿದ್ರು, ನಂದೇನೂ ಇಲ್ಲ ಅಂತ."

"ಸತ್ತೋರ ಮೇಲೆ ಹೇಳೋದು ಸಲೀಸು ಕಣ್ರೀ," ಎಂದರು ಅತ್ತೆ ದ್ರಾಕ್ಷಾಯಣಿ, ಅಡುಗೆಮನೆಯಿಂದ. "ಎದ್ದು ಬಂದು ಅಲ್ಲ ಅಂತಾರಾ?"

ಭವನ ಕಟ್ಟಿಸುತ್ತಿದ್ದುದು ಹುಳಿಕೆರೆಯ ಹತ್ತಿರ, ಮಠದ ಜಾಗದಲ್ಲಿ. ಸಮಿತಿಗೆ ಮಾವನೇ ಅಧ್ಯಕ್ಷರು. ಚನ್ನೇಶ ಹಾಸನದಲ್ಲಿ ಒಂದು ಖಾಸಗಿ ಕಚೇರಿಯ ಇಂಜಿನಿಯರ್. ರಜೆಯ ದಿನಗಳಲ್ಲಿ ಬಂದು ಭವನದ ಕೆಲಸ ನೋಡಿಕೊಳ್ಳುತ್ತಿದ್ದ. ಅಪ್ಪನಿಗಾಗಿ ಮಾಡುವ ಸೇವೆ ಅದು. ಬೇಲೂರಿನ ಮೋಹನ್‌ಕುಮಾರ್ ಗುತ್ತಿಗೆದಾರ. ನಾನು ಹಾಸನದ ಕಾಲೇಜೊಂದರಲ್ಲಿ ಕಾಂಕ್ರೀಟಿನ ಮೇಲೆ ಸಂಶೋಧನೆ ಮಾಡುತ್ತೇನೆ. ಹಾಕುತ್ತಿದ್ದ ಕಾಂಕ್ರೀಟನ್ನು ನಡುವೆ ನಿಲ್ಲಿಸಿ ತಡವಾಗಿ ಮುಂದುವರಿಸಿದರೆ ಹಳೆಯದು ಹೊಸದನ್ನು ಎಷ್ಟು ಹಿಡಿಯುತ್ತದೆ, ಎಷ್ಟು ಬಿಡುತ್ತದೆ ಎಂಬುದು ನನ್ನ ವಿಷಯ.

ಸಮಿತಿಯ ಸಭೆ ಮುಂದಿನ ವಾರ. ಅದಕ್ಕೆ ಮೊದಲು ಪರೀಕ್ಷೆಯ ವರದಿ ಬೇಕು, ಎಲ್ಲರೆದುರು ಓದಿಸಬೇಕು, ಮಗನ ಹೆಸರು ಉಳಿಯಬೇಕು. ಮಾವ ಕೇಳಿದ್ದು ಇಷ್ಟೇ.

"ನಾನು ಬರೆಯುವ ಹಾಗಿಲ್ಲ ಮಾವ, ಮನೆಯವಳು. ಉಷಾರಾಣಿ ಮೇಡಂ ಸಹಿ ಹಾಕ್ತಾರೆ," ಎಂದೆ. ಮೇಡಂ ನನ್ನ ಮಾರ್ಗದರ್ಶಕಿ.

"ಯಾರಾದ್ರೂ ಹಾಕ್ಲಿ. ನೀನು ಜೊತೇಲಿರು."

ಲ್ಯಾಬಿನ ಭೀಮರಾಜ್ ಭವನಕ್ಕೆ ಕೋರ್ ಯಂತ್ರ ತಂದ. ಕೋರ್ ತೆಗೆಯುವುದೆಂದರೆ ಬಾಳೆಯಿಂದ ದಿಂಡು ತೆಗೆದ ಹಾಗೆ, ಕಾಂಕ್ರೀಟಿನ ಒಳಗಿಂದ ದುಂಡನೆಯ ತುಂಡೊಂದನ್ನು ಹೊರತೆಗೆಯುವುದು. ಬಿದ್ದ ಪೋರ್ಟಿಕೊದ ಅವಶೇಷವನ್ನು ಆಗಲೇ ಬದಿಗೆ ತಳ್ಳಿದ್ದರು. ಅದರಿಂದ ಹೊರಗೆ ಚಾಚಿದ್ದ ಕಂಬಿಗಳು ನುಣ್ಣಗಿದ್ದವು. ಕಾಂಕ್ರೀಟು ಅವುಗಳನ್ನು ಹಿಡಿದಿತ್ತು ಎನ್ನಲು ಒಂದು ಚೂರೂ ಅಂಟಿರಲಿಲ್ಲ. ಪಕ್ಕದ ಜಗುಲಿಯ ಮೇಲಿನ ತೊಲೆ ಮಾತ್ರ ಆಸರೆಯ ಕಂಬಗಳ ಮೇಲೆ ಇನ್ನೂ ನಿಂತಿತ್ತು. ಅದನ್ನು ಹಾಕಿದ್ದೂ ಪೋರ್ಟಿಕೊ ಹಾಕಿದ ದಿನವೇ. ಭೀಮರಾಜ್ ಯಂತ್ರವನ್ನು ಅದಕ್ಕೆ ಕಚ್ಚಿಸಿದ.

ಮೋಹನ್‌ಕುಮಾರ್ ಬೈಕಿನಲ್ಲಿ ಬಂದಿಳಿದ.

"ನಿಧಾನಕ್ಕೆ ಮೇಡಂ. ತೂತು ಹೊಡ್ದು ಹೊಡ್ದು ನಿಂತಿರೋದನ್ನೂ ಕೆಡವ್ಬಿಟ್ಟೀರಿ."

"ಕೆಡವೋ ಕೆಲಸ ನಿಮ್ದು ಸಾರ್," ಎಂದ ಭೀಮರಾಜ್, ತಲೆಯೆತ್ತದೆ. "ಅದಕ್ಕೆ ನಾವ್ಯಾಕೆ ಕೈ ಹಾಕೋಣ."

"ಏನ್ಲಾ ಅಂದೆ?"

"ನೀರು ಬಿಡಿ ಅಂದೆ. ಯಂತ್ರ ಕಾಯ್ತಾ ಐತೆ."

ಮಾವ ಕೊಡೆ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದರು. ಕೊಳವೆಯನ್ನು ಮೆಲ್ಲಗೆ ಎಳೆದಾಗ ಕೋರ್ ಎರಡು ತುಂಡಾಗಿ ಬಂತು. ಒಡೆದ ಕಾಂಕ್ರೀಟು ಹಾಗಿರುವುದಿಲ್ಲ. ಒಡೆದರೆ ಜಲ್ಲಿ ಕಿತ್ತಿರುತ್ತದೆ, ಅಂಚು ಮುಕ್ಕಾಗಿರುತ್ತದೆ. ಇದು ಮುಚ್ಚಳ ತೆಗೆದಂತೆ ಬಿಟ್ಟುಕೊಂಡಿತ್ತು. ಎರಡು ಮುಖಗಳ ನಡುವೆ ಒಣಗಿದ ಸಿಮೆಂಟ್ ಹಾಲು ಧೂಳಾಗಿ ಕುಳಿತಿತ್ತು. ನನ್ನ ಬೆರಳಿಗೆ ಅದು ಹತ್ತಿತು.

ಅದನ್ನು ನಾನು ಲ್ಯಾಬಿನಲ್ಲಿ ಎಷ್ಟೋ ಸಲ ನೋಡಿದ್ದೆ. ಬೇಕೆಂದೇ ನಿಲ್ಲಿಸಿ, ಬೇಕೆಂದೇ ತಡಮಾಡಿ, ಅಂಥವನ್ನು ನಾನೇ ತಯಾರಿಸಿದ್ದೆ.

ಮಾವ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ ಎರಡೂ ತುಂಡುಗಳನ್ನು ಕೈಗೆ ತೆಗೆದುಕೊಂಡು ಜೋಡಿಸಿದರು. ಸರಿಯಾಗಿ ಕೂತವು. ಬಿಟ್ಟರು, ಬೇರೆಯಾದವು.

"ಯಾಕಮ್ಮ ಹಿಂಗೆ?"

"ಮೊದಲು ಹಾಕಿದ್ದು ಗಟ್ಟಿಯಾಗಿಬಿಟ್ಟಿತ್ತು ಮಾವ. ಆಮೇಲೆ ಹಾಕಿದ್ದು ಅದಕ್ಕೆ ಹಿಡೀಲಿಲ್ಲ. ಆಮೇಲೆ ಹಾಕಿದ್ರಲ್ಲಿ ನೀರೂ ಜಾಸ್ತಿ."

"ಯಾಕೆ ತಡ ಆಯ್ತು?"

ನಾನು ಬೆರಳಿಗೆ ಹತ್ತಿದ ಧೂಳನ್ನು ಒರೆಸಿಕೊಂಡೆ. ಮೋಹನ್‌ಕುಮಾರ್ ರಸ್ತೆಯ ಕಡೆ ನೋಡಿದ. ಮಾವ ಭವನದ ಹಿಂದಿನ ಗೋಡೆಯಿಂದ ಬಾಗಿಲಿನವರೆಗೆ ಒಮ್ಮೆ ಕಣ್ಣು ಹಾಯಿಸಿದರು. ಅವರಿಗೆ ನೆನಪಾಗುತ್ತಿರುವುದು ನನಗೆ ಕಾಣುತ್ತಿತ್ತು.

ಮೋಲ್ಡ್, ಅಂದರೆ ತಾರಸಿಯ ಕಾಂಕ್ರೀಟು, ಹಾಕಿದ ದಿನ ಹಿಂದಿನಿಂದ ಶುರುಮಾಡಿ ಊಟದ ಹೊತ್ತಿಗೆ ಮುಂಬಾಗಿಲ ತನಕ ಬಂದಿದ್ದರು. ಪೋರ್ಟಿಕೊಗೆ ಮೊದಲ ಬಾಂಡ್ಲಿ ಕಾಂಕ್ರೀಟು ಮಠದ ಸ್ವಾಮಿಗಳ, ನಮ್ಮ ಬುದ್ಧಿಯವರ, ಕೈಯಿಂದಲೇ ಬೀಳಬೇಕು; ಅದು ಮಾವನ ಹರಕೆ. ಬುದ್ಧಿಯವರಿಗೆ ಬೇಲೂರಿನಲ್ಲಿ ಪಾದಪೂಜೆ ತಡವಾಯಿತು. ಕೆಲಸ ನಿಂತಿತು. ಕಾಂಕ್ರೀಟಿನ ಲಾರಿ ಗಿರಗಿರ ತಿರುಗುತ್ತ ಬೇವಿನ ಮರದಡಿ ಕಾಯಿತು. ಅವರು ಬಂದಾಗ ರಾಹುಕಾಲ ಶುರುವಾಗಿತ್ತು. ಅದು ಕಳೆಯಲೆಂದು ಪಂಕ್ತಿ ಹಾಕಿ ಪ್ರಸಾದ ಬಡಿಸಿದರು. ಲಾರಿಯೊಳಗಿನದು ಬಿಗಿಯಾಗುತ್ತಿತ್ತು, ಡ್ರೈವರ್ ಪೈಪು ಹಿಡಿದು ನೀರು ಬಿಟ್ಟ. ಕೊನೆಗೆ ಬುದ್ಧಿಯವರು ಬಿಲ್ವಪತ್ರೆ ಹಾಕಿದ ಬಾಂಡ್ಲಿಯನ್ನು ಎತ್ತಿ ಸುರಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು.

"ನಾನೇ ಇರೋ ಅಂದೆ," ಎಂದರು ಮಾವ. "ಅವನು ಎರಡು ಸಲ ಬಂದ, ಅಪ್ಪಾ ಅಂದ. ಇರೋ ಮಗ, ಬುದ್ಧಿಯೋರು ಮಾದಿಹಳ್ಳಿ ದಾಟವ್ರಂತೆ ಅಂದೆ." ಕೊಡೆ ಅವರ ಕಂಕುಳಲ್ಲಿ ಓರೆಯಾಗಿತ್ತು. "ಅವತ್ತು ನಿಂಗೆ ಫೋನ್ ಮಾಡಿದ್ನಾ?"

"ಮಾಡಿದ್ರು."

"ಏನಂದ?"

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಸುಳ್ಳು ಹೇಳುವ ಶಕ್ತಿಯೂ ನನ್ನಲ್ಲಿ ಉಳಿದಿರಲಿಲ್ಲ.

"ಲಾರಿ ವಾಪಸ್ ಕಳಿಸಿ, ಇವತ್ತು ಇಲ್ಲಿಗೇ ನಿಲ್ಸಿ ಅಂದೆ. ಅವರಿಗೂ ಅದು ಗೊತ್ತಿತ್ತು. ಆದ್ರೆ, ಅಪ್ಪ ಇಷ್ಟು ಖುಷಿಯಾಗಿರೋದನ್ನ ನಾನು ನೋಡೇ ಇಲ್ಲ ಕಣೇ, ಹೆಂಗೆ ಹೇಳ್ಲಿ ಅಂದ್ರು."

ಮಾವ ಕೋರಿನ ತುಂಡುಗಳನ್ನು ಭೀಮರಾಜನ ಕೈಗೆ ಕೊಟ್ಟರು. ಹೋಗಿ ಕಾರಿನಲ್ಲಿ ಕುಳಿತರು.

ಗುತ್ತಿಗೆದಾರ ಹೇಳಿದ ಅವಸರದ ಮಾತೂ ಸುಳ್ಳು. ಆಸರೆ ಬಿಚ್ಚಲು ಚನ್ನೇಶ ತಿಂಗಳು ಕಳೆಯುವವರೆಗೆ ಕಾದಿದ್ದ. ಆ ದಿನ ಕೆಲಸದವರನ್ನೆಲ್ಲ ದೂರ ಕಳಿಸಿ, ಕೊನೆಯ ಸಾಲಿನ ಕಂಬಗಳನ್ನು ಸಡಿಲಿಸಲು ತಾನೊಬ್ಬನೇ ಕೆಳಗೆ ಹೋದ. ಯಾಕೆ ಒಬ್ಬನೇ ಹೋದ ಎಂದು ಆಮೇಲೆ ಎಲ್ಲರೂ ಕೇಳಿದರು. ನಾನು ಕೇಳಲಿಲ್ಲ; ಅದು ನಿಲ್ಲದಿರಬಹುದೆಂದು ಅವನಿಗೂ ಗೊತ್ತಿತ್ತು.

ದಾರಿಯಲ್ಲಿ, ಜಾವಗಲ್ ದಾಟಿದ ಮೇಲೆ ಮಾವ ಮಾತಾಡಿದರು.

"ಸಭೇಲಿ ನೀನು ಬಾಯಿ ಬಿಡಬೇಡ. ನಾನೇ ಹೇಳ್ತೀನಿ. ನನ್ನ ಬಾಯಲ್ಲೇ ಬರ್ಬೇಕು ಅದು."

"ಆಯ್ತು ಮಾವ."

"ಅವನ ಹೆಸರು ಉಳೀತದೆ, ಅಲ್ವಾ?"

"ಉಳೀತದೆ."

ನಾನು ಅದನ್ನು ನಂಬಿದೆ. ಅವನು ಹೋದ ಮೇಲೆ ನಾನು ನಂಬಿದ ಒಂದೇ ಒಂದು ಸಂಗತಿ ಅದು.

ಸಭೆ ಭವನದ ಒಳಗೇ ನಡೆಯಿತು, ಸುಣ್ಣ ಕಾಣದ ಗೋಡೆಗಳ ನಡುವೆ. ಉಷಾರಾಣಿ ಮೇಡಂ ವರದಿಯನ್ನು ತಿಳಿಗನ್ನಡದಲ್ಲಿ ಓದಿದರು. ಕೆಲಸ ನಡುವೆ ದೀರ್ಘಕಾಲ ನಿಂತಿದೆ. ಕಾದ ಕಾಂಕ್ರೀಟಿಗೆ ನೀರು ಬೆರೆತಿದೆ. ಹಳೆಯದಕ್ಕೂ ಹೊಸದಕ್ಕೂ ಬೆಸುಗೆಯಾಗಿಲ್ಲ. ಆಸರೆ ಬಿಚ್ಚಿದ ಸಮಯದಲ್ಲಿ ದೋಷವಿಲ್ಲ. ಯಾಕೆ ನಿಂತಿತು, ಯಾರು ನಿಲ್ಲಿಸಿದರು ಎಂಬುದು ಅದರಲ್ಲಿರಲಿಲ್ಲ. ಕಲ್ಲಿನಂಥ ತುಂಡು ಅದನ್ನು ಹೇಳಲಾರದು.

ಸಮಿತಿಯ ಹಿರಿಯರು ನಂಜುಂಡಯ್ಯ. ಅವರು ಕನ್ನಡಕ ತೆಗೆದರು.

"ಹಂಗಾದ್ರೆ ಒಂದು ಕೇಳ್ತೀನಿ ತಾಯಿ. ತಡ ಆದ್ರೆ ಕೆಡ್ತದೆ ಅಂತ ನಮ್ಮಂಥೋರಿಗೆ ಗೊತ್ತಿರಕ್ಕಿಲ್ಲ. ಅಲ್ಲಿ ನಿಂತಿದ್ದ ಇಂಜಿನಿಯರಿಗೆ ಗೊತ್ತಿರ್ಬೇಕು, ಅಲ್ವಾ?"

"ಗೊತ್ತಿರಬೇಕು," ಎಂದರು ಮೇಡಂ. ಬೇರೆ ಉತ್ತರ ಇರಲಿಲ್ಲ.

"ಬೇಡ ಅನ್ನೋ ಅಧಿಕಾರ ಅವನಿಗಿತ್ತಾ?"

"ಇತ್ತು."

"ನಾನೂ ಅದನ್ನೇ ಹೇಳ್ತಾ ಬಂದಿರೋದು ಸ್ವಾಮಿ," ಎಂದ ಮೋಹನ್‌ಕುಮಾರ್. "ಇಂಜಿನಿಯರ್ ಬೇಡ ಅಂದಿದ್ರೆ ನಾನ್ಯಾಕೆ ಹಾಕ್ಲಿ?"

ಮಾವ ಎದ್ದು ನಿಂತರು. ಶಲ್ಯ ಸರಿಮಾಡಿಕೊಂಡರು. ಎದುರಿನ ಮೇಜಿನ ಮೇಲೆ ಬುದ್ಧಿಯವರ ಭಾವಚಿತ್ರವಿತ್ತು. ಆ ಬೆಳಿಗ್ಗೆ ಹಾಕಿದ ಸೇವಂತಿಗೆ ಹಾರವಿತ್ತು. ಮಾವ ಅದನ್ನು ನೋಡಿದರು, ಕೂತವರನ್ನೆಲ್ಲ ನೋಡಿದರು. ಅವತ್ತು ಪಂಕ್ತಿಯಲ್ಲಿ ಉಂಡವರೇ ಎಲ್ಲರೂ. ಲಾರಿ ಕಾಯುತ್ತಿದ್ದುದನ್ನು ಕಂಡಿದ್ದವರೇ.

"ಹೌದು," ಎಂದರು ಮಾವ. "ಹೇಳ್ಬೇಕಿತ್ತು ಅವನು."

ಮುಂದಿನ ಮಾತಿಗೆ ನಾನು ಕಾದೆ. ಸಭೆಯೂ ಕಾಯಿತು ಅನಿಸುತ್ತದೆ. ಅವರು ಕುಳಿತುಬಿಟ್ಟರು.

ಕೆಲಸ ನಿಲ್ಲಿಸಿ ಕಾಯಿಸಿದ್ದು ಮಾವ ಎಂದು ನಾನು ಎದ್ದು ಹೇಳಬಹುದಿತ್ತು. ನಾನು ಬಾಯಿ ತೆರೆದರೆ ಅವರು ಅಲ್ಲೇ ಕುಸಿಯುತ್ತಾರೆ ಅನಿಸಿತು. ಆ ಕಟ್ಟಡದಲ್ಲಿ ಒಂದು ಸಾವು ಸಾಕಾಗಿತ್ತು. ಪೋರ್ಟಿಕೊ ಮತ್ತೆ ಕಟ್ಟುವುದು, ಶಾಂತಿ ಮಾಡಿಸಿ ಬುದ್ಧಿಯವರನ್ನು ಮತ್ತೆ ಕರೆಸುವುದು ಎಂದು ತೀರ್ಮಾನವಾಯಿತು. ಯಾರೋ ಕಾಫಿ ತಂದರು.

ಕಾರಿನಲ್ಲಿ ಮಾವ ಕಿಟಕಿಯ ಕಡೆ ತಿರುಗಿ ಹೇಳಿದರು, "ಎದ್ದು ನಿಂತಿದ್ದೆ ಕಣಮ್ಮ. ನೀನೂ ನೋಡ್ದೆ. ಬಾಯಿ ಬರ್ಲಿಲ್ಲ."

"ನೋಡ್ದೆ ಮಾವ."

ಅತ್ತೆ ಬಾಗಿಲಲ್ಲೇ ನಿಂತಿದ್ದರು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಮಾವನ ಮುಖ, ನನ್ನ ಮುಖ ನೋಡಿದರು.

"ಏನಂದ್ರು? ಅವನದೇನೂ ಇಲ್ಲ ಅಂದ್ರಾ?"

ಮಾವ ಮುಖ ತಿರುಗಿಸಿದರು. ಅತ್ತೆ ಮತ್ತೆ ನನ್ನನ್ನೇ ಕೇಳಿದರು.

"ನಿಮ್ಮ ಮಗನದೇ ತಪ್ಪಂತೆ ಅತ್ತೆ," ಎಂದೆ.

ಅತ್ತೆ ಹೊಸ್ತಿಲ ಮೇಲೆ ಕುಳಿತರು. ಮಾವ ಚಪ್ಪಲಿ ಬಿಡದೆ, ಒಳಗೂ ಬರದೆ, ಅಂಗಳದಲ್ಲೇ ನಿಂತರು.