ಎಡಬಲವಾದ ಆರನೇ ನಂಬರಿನ ಮನೆ

ಇದನ್ನು ಹೇಳಲು ನಾನು ಯಾರು ಎಂದು ಮೂರು ಸಲ ಯೋಚಿಸಿದೆ. ಗಾರೆ ಕೆಲಸವೂ ಸರಿಯಾಗಿ ಗೊತ್ತಿಲ್ಲ, ಕಾನೂನಂತೂ ಮೊದಲೇ ಗೊತ್ತಿಲ್ಲ. ತಪ್ಪಿದ್ದರೆ ತಿಳಿದವರು ಮನ್ನಿಸಬೇಕು. ಆದರೆ ಮೇಸ್ತ್ರಿಯ ಮನೆಯ ಸಂಗತಿಯನ್ನು ಹೊಟ್ಟೆಯಲ್ಲಿಟ್ಟುಕೊಂಡಿರಲು ನನ್ನಿಂದಾಗುತ್ತಿಲ್ಲ.

ಮೇಸ್ತ್ರಿ ಮೂವತ್ತೆಂಟು ವರ್ಷ ಊರವರಿಗೆಲ್ಲ ಮನೆ ಕಟ್ಟಿಕೊಟ್ಟವನು. ತಾನು ಮಾತ್ರ ಹೆಂಡತಿ ಮಗಳೊಂದಿಗೆ ಬಾಡಿಗೆಯ ಒಂದೇ ಕೋಣೆಯಲ್ಲಿದ್ದ. ಅಂಗೈಯಗಲದ ಜಾಗವೇನೋ ಕೊಂಡಿದ್ದ. ನಕ್ಷೆಯ ಮಂಜೂರಾತಿಗೆ ಅಲೆದು ಅಲೆದು ನಾಲ್ಕು ಜೊತೆ ಚಪ್ಪಲಿ ಸವೆಸಿದ್ದ. ಅಷ್ಟರಲ್ಲಿ ಸರ್ಕಾರ ಹೊಸ ನಿಯಮ ತಂದಿತು. ಸರ್ಕಾರವೇ ಬರೆಸಿಟ್ಟ ಎಂಟು ಮಾದರಿ ನಕ್ಷೆಗಳಲ್ಲಿ ಒಂದನ್ನು ಆರಿಸಿಕೊಂಡರೆ ಏಳೇ ದಿನದಲ್ಲಿ ಪರವಾನಗಿ, ಶುಲ್ಕವೂ ಇಲ್ಲ. ಷರತ್ತು ಒಂದೇ: ಮನೆ ನಕ್ಷೆಯಂತೆಯೇ ಇರಬೇಕು. ಇಲ್ಲವಾದರೆ ವಾಸದ ಪತ್ರವಿಲ್ಲ, ಅರ್ಜಿ ಮತ್ತೆ ಹಳೆಯ ಸರದಿಯ ಬಾಲಕ್ಕೆ.

ಮೇಸ್ತ್ರಿ ಆರನೇ ನಂಬರನ್ನು ಆರಿಸಿದ. ನಕ್ಷೆ ಪಾರದರ್ಶಕ ಹಾಳೆಯ ಮೇಲಿತ್ತು. ಸಿಮೆಂಟಿನ ಕೈ ತಾಗಿ ಹಾಳಾಗದಿರಲಿ ಎಂದು ಅದನ್ನು ಸಾಮಾನಿನ ಶೆಡ್ಡಿನ ಕಿಟಕಿಗೆ ಒಳಗಿನಿಂದ ಅಂಟಿಸಿ ಬೀಗ ಹಾಕಿದ. ಹೊರಗೆ ನಿಂತು ಗಾಜಿನ ಮೂಲಕ ನೋಡುವುದು, ಕಟ್ಟುವುದು.

“ರೀ, ಊರಿಗೆಲ್ಲ ಕಟ್ಟಿದ್ರಿ. ನನ್ನ ಅಡುಗೆಮನೆಗೆ ಕಿಟಕಿ ಮರೀಬೇಡಿ” ಎಂದಳು ಹೆಂಡತಿ.

“ಮರೆಯೋಕೆ ನಾನೇನು ಆಫೀಸಿನವನಾ?”

ಗೋಡೆಗಳು ಕಣ್ಣೆದುರೇ ಎದ್ದವು. ಕೊಳವೆ ಹಾಕುವ ದಿನ ಮಾತ್ರ ಮೇಸ್ತ್ರಿ ಗೊಣಗಿದ. ಬೀದಿಯ ಚರಂಡಿ ಗುಂಡಿ ಬಲಕ್ಕಿತ್ತು, ಬಚ್ಚಲು ಎಡಕ್ಕೆ. “ಕುರ್ಚಿ ಮೇಲೆ ಕೂತು ಬರೆದ್ರೆ ಹಿಂಗೇ ಆಗೋದು! ನೀರು ಊರೆಲ್ಲ ಸುತ್ತಿ ಹೋಗ್ಬೇಕಾ?” ಎನ್ನುತ್ತಲೇ ನೆಲದಡಿ ಹದಿನಾಲ್ಕು ಅಡಿ ಹೆಚ್ಚಿಗೆ ಕೊಳವೆ ಹಾಕಿದ. ಮಂಡಿಯೂರಿ, ಅಡಿಗಡಿಗೂ ಇಳಿಜಾರು ನೋಡಿ ನೋಡಿ ಕೂರಿಸಿದ.

ತಪಾಸಣೆಯ ಹಿಂದಿನ ದಿನ ಮಗಳು ಶೆಡ್ಡಿನೊಳಗೆ ಕಸ ಗುಡಿಸುತ್ತಿದ್ದವಳು ಕೂಗಿದಳು. “ಅಪ್ಪಾ, ನಮ್ಮ ಅಡುಗೆಮನೆ ಯಾವ ಕಡೆ?”

“ಎಡಕ್ಕೆ. ಯಾಕೆ, ಹೊಟ್ಟೆ ಹಸೀತಾ?”

“ಇಲ್ಲಿ ಬಲಕ್ಕಿದೆಯಲ್ಲ!”

ಮೇಸ್ತ್ರಿ ಒಳಗೆ ಹೋಗಿ ನೋಡಿದ. ಹೊರಗೆ ಬಂದು ನೋಡಿದ. ಮತ್ತೆ ಒಳಗೆ ಹೋದ. ಇಡೀ ಮನೆಯನ್ನು ಅವನು ಹಾಳೆಯ ಬೆನ್ನು ನೋಡಿ ಕಟ್ಟಿದ್ದ!

“ಅಕ್ಷರ ಎಲ್ಲ ತಿರುಗಿ ಕಾಣ್ತಿದ್ವಲ್ಲ, ಗೊತ್ತಾಗ್ಲಿಲ್ವಾ?” ಎಂದಳು ಮಗಳು.

“ನಾನು ಯಾವತ್ತು ಅಕ್ಷರ ನೋಡ್ದೆ? ಗೆರೆ ನೋಡ್ದೆ. ಅಳತೆ ಬಾಯಿಪಾಠ ಇತ್ತು.”

ಹೆಂಡತಿ ನಗು ತಡೆಯಲಾರದೆ ಮರಳಿನ ಗುಡ್ಡೆಯ ಮೇಲೆ ಕುಳಿತೇಬಿಟ್ಟಳು. “ಇಷ್ಟು ವರ್ಷ ಯಾರ ಮನೇನೂ ತಿರುಗಿಸ್ಲಿಲ್ಲ. ನನ್ನದೇ ಸಿಕ್ತಾ?” ಮಗಳೂ ನಕ್ಕಳು. ಮೇಸ್ತ್ರಿಗೆ ನಗು ಬರಲಿಲ್ಲ.

ಮರುದಿನ ತಪಾಸಣೆಗೆ ಅಧಿಕಾರಿಣಿ ಬಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ, ಅವರು ಹೊಸಿಲು ದಾಟುವ ಮೊದಲೇ ಮೇಸ್ತ್ರಿ ಬಾಯಿಬಿಟ್ಟ. “ಮೇಡಂ, ಮನೆ ತಿರುಗಿದೆ. ತಪ್ಪು ನಂದೇ.”

ಅವರು ಕಿಟಕಿಯ ನಕ್ಷೆ ನೋಡಿದರು, ಮನೆ ನೋಡಿದರು, ತುಟಿ ಕಚ್ಚಿಕೊಂಡು ನಗು ನುಂಗಿದರು. “ಎಡಬಲ ಬದಲಾದ್ರೆ ಪರವಾಗಿಲ್ಲ ಅಂತ ನಿಯಮದ ಹದಿನೇಳನೇ ಪುಟದಲ್ಲಿದೆ. ಅಲ್ಲೀತನಕ ಯಾರೂ ಓದಲ್ಲ. ಆದ್ರೆ ಬಚ್ಚಲ ನೀರು ಗುಂಡಿ ಸೇರಲೇಬೇಕು. ಸೇರ್ಲಿಲ್ಲ ಅಂದ್ರೆ ನೆಲ ಒಡೀಬೇಕು, ಅರ್ಜಿ ಮತ್ತೆ ಮೊದಲಿಂದ.”

ನೆಲಕ್ಕೆ ಬಳಸಿ ಉಳಿದ ಕೆಂಪು ಪುಡಿಯನ್ನು ಬಕೆಟ್ ನೀರಿಗೆ ಕಲಸಿದರು. ಹೆಂಡತಿ ಬಚ್ಚಲಲ್ಲಿ ನಿಂತಳು. ಮಗಳು, ಅಧಿಕಾರಿಣಿ ಗುಂಡಿಯ ಬಳಿ ಬಗ್ಗಿದರು. ಅಕ್ಕಪಕ್ಕದವರೂ ಸೇರಿಕೊಂಡರು. ಮೇಸ್ತ್ರಿ ಎಲ್ಲಿಗೂ ಹೋಗಲಾರದೆ ನಡುಮನೆಯಲ್ಲಿ, ಕೊಳವೆಯ ನೇರಕ್ಕೆ, ಬರಿಗಾಲಲ್ಲಿ ನಿಂತುಬಿಟ್ಟ.

“ಸುರೀಲಾ?” ಎಂದಳು ಹೆಂಡತಿ.

“ಸುರಿ.”

ಮೈಯೆಲ್ಲ ಕಿವಿಯಾಗಿ ಕೇಳಿದ. ಕಾಲಡಿ ಏನೋ ಗುಳುಗುಳು ಅಂದಂತಾಯಿತು, ನಿಂತಂತಾಯಿತು. ‘ಹದಿನಾಲ್ಕು ಅಡಿ, ಒಂದು ಕಡೆ ಬೆರಳಿನಷ್ಟು ಎದ್ದಿದ್ದರೂ ಮುಗೀತು’ ಅಂದುಕೊಂಡ.

“ಬಂತೂ! ಕೆಂಪು ಬಂತು, ಅಪ್ಪಾ!”

ಬೀದಿಯವರೆಲ್ಲ ಹೋ ಎಂದರು. ಹೆಂಡತಿ ಖಾಲಿ ಬಕೆಟ್ ಹಿಡಿದೇ ಓಡಿ ಬಂದು, ಅದನ್ನು ಬೋರಲು ಹಾಕಿ, ಕೆಂಪಾದ ಸೆರಗಿನಲ್ಲಿ ಒರೆಸಿ ಅಧಿಕಾರಿಣಿಗೆ ಕೂರಲು ಕೊಟ್ಟಳು. ಮನೆಯಲ್ಲಿ ಬೇರೆ ಆಸನವಿರಲಿಲ್ಲ. ಅವರು ಅದರ ಮೇಲೆ ಕುಳಿತು, ತೊಡೆಯ ಮೇಲೆ ವಾಸದ ಪತ್ರವಿಟ್ಟು ಸಹಿ ಹಾಕಿದರು. ಮೇಸ್ತ್ರಿಗೆ ಆಗ ನಗು ಬಂತು. ಹಿಂದಿನ ದಿನದ್ದೂ ಸೇರಿ ಬಂತು; ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆ ವಾರವೇ ಅವರು ಪಾತ್ರೆ ಪಡಗ ಹೊತ್ತು ಹೊಸ ಮನೆಗೆ ಬಂದರು.

ಹೊಸ ನಿಯಮದಿಂದ ಎಲ್ಲ ಕಡೆಯೂ ಹೀಗೇ ಮನೆಗಳೆದ್ದವೇ, ಅಗ್ಗವಾದವೇ, ನನಗೆ ತಿಳಿಯದು. ಅವರು ಬಿಟ್ಟುಬಂದ ಬಾಡಿಗೆ ಕೋಣೆಗೆ ಈಗ ಯಾರು ಬಂದಿದ್ದಾರೆ, ಅವರಿಗೂ ಒಂದು ಮನೆಯಾದೀತೇ ಎಂಬುದೂ ಗೊತ್ತಿಲ್ಲ.